ಸೊನ್ನೆಯಲ್ಲಿ ನೂರಕ್ಕೆ ನೂರು ಪಾಲು ನಮಗೆ ಬೇಡ!

ಕನ್ನಡದ ಯುವ ಮಿತ್ರರೇ,

ರಾತ್ರಿ ಹನ್ನೊಂದಕ್ಕೆ ಮಲಗಿದಲ್ಲೇ ಮೊಬೈಲ್ ಒತ್ತಿ ಒಂದು ಜೊತೆ ಬೂಟು ತರಿಸುತ್ತೀರಿ. ಮರುದಿನ ಸಂಜೆಗೆ ಅದು ಮನೆ ಬಾಗಿಲಿಗೆ ಬರುತ್ತದೆ. ತಂದುಕೊಟ್ಟ ಹುಡುಗನಿಗೆ ಓಟಿಪಿ ಹೇಳಿ ಬಾಗಿಲು ಹಾಕಿಕೊಳ್ಳುತ್ತೀರಿ. ಆ ಹುಡುಗನೊಬ್ಬ ನಿಮ್ಮ ಕಣ್ಣಿಗೆ ಬಿದ್ದ. ಅವನ ಹಿಂದೆ ಕಣ್ಣಿಗೆ ಬೀಳದ ಒಂದು ದಂಡೇ ಇದೆ. ಲಾರಿಯಿಂದ ಸರಕು ಇಳಿಸಿದವರು, ರ‍್ಯಾಕಿನಲ್ಲಿ ಜೋಡಿಸಿದವರು, ನಿಮ್ಮ ಬೂಟನ್ನು ಹುಡುಕಿ ತೆಗೆದವರು, ಪೆಟ್ಟಿಗೆ ಕಟ್ಟಿ ಚೀಟಿ ಅಂಟಿಸಿದವರು, ಪಿನ್‌ಕೋಡ್ ನೋಡಿ ಚೀಲಕ್ಕೆ ಎಸೆದವರು. ಹೊಸಕೋಟೆ, ಮಾಲೂರು, ಆನೇಕಲ್, ನೆಲಮಂಗಲ, ದಾಬಸ್‌ಪೇಟೆಗಳ ಸುತ್ತ ಎದ್ದು ನಿಂತಿರುವ ತಗಡಿನ ದೈತ್ಯ ಗೋದಾಮುಗಳಲ್ಲಿ ಇವರು ದುಡಿಯುತ್ತಾರೆ. ಡಿಗ್ರಿ ಮುಗಿಸಿ ಕೆಲಸ ಸಿಗದವರು, ಪಿಯುಸಿಗೇ ಓದು ನಿಲ್ಲಿಸಿದವರು, ಹೊಲ ಮಾರಿಕೊಂಡ ಮನೆಯ ಮಕ್ಕಳು ಇವರಲ್ಲಿದ್ದಾರೆ.

ಈ ಕೆಲಸಗಳ ಮೇಲೆ ಈಗ ಯಂತ್ರದ ಕಣ್ಣು ಬಿದ್ದಿದೆ. ಕನ್ನಡ ಚಳವಳಿಗಾರರಾದ ನಾವು ಅದನ್ನು ಇನ್ನೂ ಗಮನಿಸಿಯೇ ಇಲ್ಲ. ಇಂದಿನ ಮಾತು ಅದರ ಬಗ್ಗೆ.

ಗೋದಾಮಿನೊಳಗೆ ಏನಾಗುತ್ತಿದೆ?

ಮೊದಲು ವಿಷಯ ತಿಳಿದುಕೊಳ್ಳಿ. ತಿಳಿಯದೆ ಘೋಷಣೆ ಕೂಗಿದರೆ ಗಂಟಲು ನೋವು, ಅಷ್ಟೇ.

ಹಳೆಯ ಪದ್ಧತಿಯ ಗೋದಾಮಿನಲ್ಲಿ ಸರಕು ನಿಂತಲ್ಲೇ ನಿಂತಿರುತ್ತದೆ, ಮನುಷ್ಯ ನಡೆಯುತ್ತಾನೆ. ಕೈಯಲ್ಲಿ ಸ್ಕ್ಯಾನರ್. ಅದು ತೋರಿಸಿದ ಸಾಲಿಗೆ ಓಡಬೇಕು, ತೋರಿಸಿದ ಖಾನೆಯಿಂದ ತೆಗೆಯಬೇಕು, ಗಂಟೆಗೆ ಇಷ್ಟು ಎಂಬ ಲೆಕ್ಕ ಮುಟ್ಟಿಸಬೇಕು. ಪಾಳಿ ಮುಗಿಯುವ ಹೊತ್ತಿಗೆ ಕಾಲು ಸೋತು ಹೋಗಿರುತ್ತದೆ. ಹೊಸ ಪದ್ಧತಿಯಲ್ಲಿ ಮನುಷ್ಯ ನಿಲ್ಲುತ್ತಾನೆ, ಸರಕು ನಡೆಯುತ್ತದೆ. ಮಣೆಯಂಥ ಚಪ್ಪಟೆ ಗಾಡಿಯೊಂದು ರ‍್ಯಾಕಿನ ಅಡಿಗೆ ನುಸುಳಿ ಇಡೀ ರ‍್ಯಾಕನ್ನೇ ಹೊತ್ತು ಕೆಲಸಗಾರನ ಮುಂದೆ ತಂದು ನಿಲ್ಲಿಸುತ್ತದೆ. ಅಮೆರಿಕದಲ್ಲಿ ಕೀವಾ ಸಿಸ್ಟಮ್ಸ್ ಎಂಬ ಕಂಪನಿ ಬೆಳೆಸಿದ ವಿದ್ಯೆ ಇದು. 2012ರಲ್ಲಿ ಅಮೆಜಾನ್ ಆ ಕಂಪನಿಯನ್ನೇ 77.5 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. 2025ರ ಜುಲೈನಲ್ಲಿ ತನ್ನ ಗೋದಾಮುಗಳಿಗೆ ಹತ್ತು ಲಕ್ಷದನೆಯ ರೋಬೋ ಬಂದಿತೆಂದು ಪ್ರಕಟಿಸಿತು. ಇಡೀ ಕಂಪನಿಯಲ್ಲಿ ದುಡಿಯುವ ಮನುಷ್ಯರ ಸಂಖ್ಯೆ ಸುಮಾರು ಹದಿನೈದು ಲಕ್ಷ. ಅಂತರ ಎಷ್ಟು ಉಳಿಯಿತು, ನೀವೇ ಲೆಕ್ಕ ಹಾಕಿ.

ಅದು ಅಮೆರಿಕದ ಮಾತು, ನಮಗೇನು ಎನ್ನುತ್ತೀರಾ? 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಪುಸ್ತಕ ಮಾರುವ ಅಂಗಡಿಯಾಗಿ ಹುಟ್ಟಿದ ಫ್ಲಿಪ್‌ಕಾರ್ಟ್, 2019ರಲ್ಲಿ ನಗರದ ಹೊರವಲಯದ ಸೌಕ್ಯ ರಸ್ತೆಯ ವಿಂಗಡಣಾ ಕೇಂದ್ರಕ್ಕೆ ನೂರಕ್ಕೂ ಹೆಚ್ಚು ಪುಟ್ಟ ರೋಬೋ ಗಾಡಿಗಳನ್ನು ಇಳಿಸಿತು. ತಲೆಯ ಮೇಲಿನ ತಟ್ಟೆಯಲ್ಲಿ ಒಂದೊಂದು ಪಾರ್ಸೆಲ್ ಹೊತ್ತು, ನೆಲದ ಗುರುತುಗಳನ್ನು ಓದುತ್ತಾ ಓಡಿ, ಆಯಾ ಪಿನ್‌ಕೋಡಿನ ಕಿಂಡಿಯ ಮುಂದೆ ನಿಂತು ತಟ್ಟೆ ಓರೆ ಮಾಡಿ ಸುರಿಯುವ ಗಾಡಿಗಳು. ಗಂಟೆಗೆ 4,500 ಪಾರ್ಸೆಲ್ ವಿಂಗಡಿಸಬಲ್ಲವು ಎಂದು ಆಗ ಕಂಪನಿಯೇ ಹೇಳಿಕೊಂಡಿತು. ಊಟ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಸಂಘ ಕಟ್ಟುವುದಿಲ್ಲ!

ಇಂಥ ಯಂತ್ರಗಳನ್ನು ಮಾಡುವವರು ಭಾರತದಲ್ಲೇ ಇದ್ದಾರೆ. ಗ್ರೇ ಆರೆಂಜ್ ಬೆಳೆದದ್ದು ಗುರುಗ್ರಾಮದಲ್ಲಿ, ಅಡ್ವರ್ಬ್ ಹುಟ್ಟಿದ್ದು ನೋಯ್ಡಾದಲ್ಲಿ. ಅಡ್ವರ್ಬ್‌ನ ಅರ್ಧಕ್ಕಿಂತ ಹೆಚ್ಚು ಪಾಲನ್ನು 2022ರಲ್ಲಿ ರಿಲಯನ್ಸ್ ಕೊಂಡಿತು. ದೊಡ್ಡ ಬಂಡವಾಳಕ್ಕೆ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಗೊತ್ತು. ಗೊತ್ತಿಲ್ಲದಿರುವುದು ನಮಗೆ ಮಾತ್ರ.

ನೆಲ ನಮ್ಮದು, ಗೋದಾಮು ಯಾರದು?

ಈ ಗೋದಾಮುಗಳು ಇಷ್ಟು ದೊಡ್ಡವಾದದ್ದು ಹೇಗೆ? 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದಕ್ಕೆ ಮೊದಲು ರಾಜ್ಯ ರಾಜ್ಯಕ್ಕೂ ಬೇರೆ ತೆರಿಗೆ. ಹಾಗಾಗಿ ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಂಡು ಸಾಗುತ್ತಿದ್ದವು. ತೆರಿಗೆ ಒಂದಾದ ಮೇಲೆ ದೊಡ್ಡ ನಗರಗಳ ಪಕ್ಕದಲ್ಲಿ ಲಕ್ಷಗಟ್ಟಲೆ ಚದರಡಿಯ ಗೋದಾಮು ಕಟ್ಟುವುದು ಅಗ್ಗವಾಯಿತು. ಸರಕು ಒಂದೇ ಕಡೆ ರಾಶಿ ಬಿದ್ದರೆ ಯಂತ್ರ ತರುವುದು ಲಾಭ. ಹತ್ತು ಪಾರ್ಸೆಲ್‌ಗೆ ರೋಬೋ ಯಾರೂ ತರುವುದಿಲ್ಲ, ಹತ್ತು ಸಾವಿರಕ್ಕೆ ತರುತ್ತಾರೆ. ದೊಡ್ಡ ಗೋದಾಮಿನ ಹಿಂದೆಯೇ ಯಂತ್ರ ಬರುವುದು ಹೀಗೆ.

ಹೆಂಚಿಗೆ ಹೆಸರಾಗಿದ್ದ ಮಾಲೂರು ಇಂದು ಗೋದಾಮಿಗೆ ಹೆಸರಾಗುತ್ತಿದೆ. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಲಾರಿ ನಿಲ್ಲುತ್ತಿವೆ. ನೆಲ ಕೊಟ್ಟವರು ನಾವು, ನೀರು ಕೊಟ್ಟವರು ನಾವು, ರಸ್ತೆ ಮಾಡಿಸಿಕೊಟ್ಟವರು ನಾವು. ಕೊಡುವಾಗ ನಮ್ಮ ಮಂತ್ರಿ ಮಹೋದಯರು ಹೇಳಿದ್ದೇನು? "ಸ್ಥಳೀಯರಿಗೆ ಸಾವಿರಾರು ಉದ್ಯೋಗ!" ಯಾವ ಉದ್ಯೋಗ, ಎಷ್ಟು ವರ್ಷದ ಉದ್ಯೋಗ, ಯಾರ ಹಾಜರಿ ಪುಸ್ತಕದಲ್ಲಿ? ಕೇಳಿದವರು ಯಾರು, ಹೇಳಿದವರು ಯಾರು?

ಪ್ರತಿ ವರ್ಷ ದಸರಾ ದೀಪಾವಳಿಗೆ ಮುನ್ನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಬರುತ್ತದೆ. 2025ರಲ್ಲಿ ಫ್ಲಿಪ್‌ಕಾರ್ಟ್ ದೇಶದಾದ್ಯಂತ 2.2 ಲಕ್ಷ, ಅಮೆಜಾನ್ 1.5 ಲಕ್ಷ ಹಬ್ಬದ ಕಾಲದ ಕೆಲಸಗಳನ್ನು ಘೋಷಿಸಿದವು. ಹಬ್ಬದ ಕಾಲದ ಕೆಲಸ ಎಂದರೇನೆಂದು ಗಮನಿಸಿ. ಹಬ್ಬ ಮುಗಿದರೆ ಕೆಲಸವೂ ಮುಗಿಯಿತು. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ!

ನಮ್ಮ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಈಗ ಕಹಿಯಾದ ಮಾತು. ನಲವತ್ತು ವರ್ಷಗಳಿಂದ ಕನ್ನಡ ಚಳವಳಿಯ ದೊಡ್ಡ ಬೇಡಿಕೆ ಕನ್ನಡಿಗರಿಗೆ ಉದ್ಯೋಗ. ಗೋಕಾಕ್ ಚಳವಳಿಯ ಬಿಸಿ ಆರುವ ಮೊದಲೇ ಸರ್ಕಾರ ಸರೋಜಿನಿ ಮಹಿಷಿ ಸಮಿತಿಯನ್ನು ನೇಮಿಸಿತು. 1986ರಲ್ಲಿ ಆ ಸಮಿತಿ ಅಂತಿಮ ವರದಿ ಕೊಟ್ಟಿತು. ಸಿ ಮತ್ತು ಡಿ ದರ್ಜೆಯ ಹುದ್ದೆಗಳು ನೂರಕ್ಕೆ ನೂರು ಕನ್ನಡಿಗರಿಗೆ ಎಂದಿತು. ಆ ವರದಿ ಹಿಡಿದು ಎಷ್ಟು ಧರಣಿ ನಡೆದಿವೆ, ಎಷ್ಟು ಲಾಠಿ ಏಟು ಬಿದ್ದಿವೆ ಎಂಬುದನ್ನು ಹಿರಿಯ ಕಾರ್ಯಕರ್ತರನ್ನು ಕೇಳಿ. ನಂತರ 2024ರ ಜುಲೈ ಬಂತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಆಡಳಿತೇತರ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಕಣ್ಣು ಕೆಂಪಗೆ ಮಾಡಿದರು, ನ್ಯಾಸ್‌ಕಾಂ ಗುಡುಗಿತು. ಎರಡೇ ದಿನದಲ್ಲಿ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಉದ್ಯಮಿಗಳು ಕೆಮ್ಮಿದರೆ ನಮ್ಮ ಸರ್ಕಾರಕ್ಕೆ ಜ್ವರ ಬರುತ್ತದೆ!

ಆ ಹೇಡಿತನವನ್ನು ನಾವು ಖಂಡಿಸುತ್ತೇವೆ, ಖಂಡಿಸುತ್ತಲೇ ಇರುತ್ತೇವೆ. ಆದರೆ ಮಿತ್ರರೇ, ನಾಳೆಯೇ ಆ ಮಸೂದೆ ಕಾಯ್ದೆಯಾಯಿತು ಎಂದುಕೊಳ್ಳಿ. ನಾವು ಹೋರಾಡಿ ಪಡೆಯುವ ಈ ತಳದ ಹುದ್ದೆಗಳು ಯಾವುವು? ಎತ್ತುವುದು, ಇಳಿಸುವುದು, ವಿಂಗಡಿಸುವುದು, ಕಟ್ಟುವುದು. ಯಂತ್ರ ಮೊದಲು ಬಾಯಿ ಹಾಕುವುದೂ ಇವುಗಳಿಗೇ. ಸಾವಿರ ಜನರ ಗೋದಾಮು ಇನ್ನೂರು ಜನರದ್ದಾದರೆ ಶೇಕಡಾ 70 ಎಂದರೆ ನೂರ ನಲವತ್ತು. ಇಪ್ಪತ್ತು ಜನರದ್ದಾದರೆ ಹದಿನಾಲ್ಕು. ಸೊನ್ನೆಯಾದರೆ? ಸೊನ್ನೆಯಲ್ಲಿ ನೂರಕ್ಕೆ ನೂರು ಪಾಲು ಕೊಟ್ಟರೂ ಸಿಗುವುದು ಸೊನ್ನೆಯೇ. ಶೇಕಡಾವಾರು ಕೇಳುವುದನ್ನು ಕಲಿತ ನಾವು ಒಟ್ಟು ಎಷ್ಟು ಎಂದು ಕೇಳುವುದನ್ನು ಕಲಿಯಲೇ ಇಲ್ಲ.

ಹೆದರಿಸಲು ಹೇಳುತ್ತಿಲ್ಲ. 2025ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆಜಾನ್‌ನ ಒಳಗಿನ ಕಾಗದಪತ್ರಗಳನ್ನು ಆಧರಿಸಿ ಒಂದು ವರದಿ ಮಾಡಿತು. 2033ರ ಹೊತ್ತಿಗೆ ಅಮೆರಿಕದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಹೊಸದಾಗಿ ನೇಮಿಸಿಕೊಳ್ಳುವ ಅಗತ್ಯವೇ ಬೀಳದಂತೆ ಮಾಡುವ ಯೋಜನೆ ಆ ಕಾಗದಗಳಲ್ಲಿತ್ತು. ಅದು ಪೂರ್ಣ ಚಿತ್ರವಲ್ಲ ಎಂದು ಕಂಪನಿ ಹೇಳಿತು. ಹೇಳಲಿ. ಇದ್ದವರನ್ನು ತೆಗೆಯುವ ಮಾತು ಅಲ್ಲಿಲ್ಲ ಎಂಬುದನ್ನು ಗಮನಿಸಿ. ಬರುವವರಿಗೆ ಬಾಗಿಲು ಹಾಕುವ ಮಾತಿದೆ. ಗೇಟಿನ ಮುಂದೆ ಧರಣಿ ಕೂರಲು ಕೆಲಸ ಕಳೆದುಕೊಂಡವನೊಬ್ಬನಾದರೂ ಬೇಕಲ್ಲ? ಅವನೇ ಇರುವುದಿಲ್ಲ. ಸದ್ದಿಲ್ಲದೆ ಕೆಲಸ ಹೋಗುವುದು ಹೀಗೆ.

ಯಂತ್ರ ಒಡೆಯುವುದೇ ಹೋರಾಟವೇ?

ಖಂಡಿತ ಅಲ್ಲ. ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಸ್ಕ್ಯಾನರ್ ಹಿಡಿದು ದಿನವಿಡೀ ಓಡುವ ಕೆಲಸ ಸ್ವರ್ಗವೇನಲ್ಲ. 2024ರ ಮೇ ತಿಂಗಳ ಬಿಸಿಲಿನಲ್ಲಿ ಹರಿಯಾಣದ ಮಾನೇಸರದ ಅಮೆಜಾನ್ ಗೋದಾಮಿನಲ್ಲಿ, ಲಾರಿಗಳ ಸರಕು ಇಳಿಸಿ ಮುಗಿಸುವವರೆಗೆ ನೀರಿಗೆ, ಶೌಚಕ್ಕೆ ಹೋಗುವುದಿಲ್ಲ ಎಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರೆಂಬ ವರದಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಅದನ್ನು ನೋಡಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕೊಟ್ಟಿತು. ಮನುಷ್ಯನನ್ನು ಯಂತ್ರದಂತೆ ದುಡಿಸುವ ಕೆಲಸವನ್ನು ಯಂತ್ರವೇ ಮಾಡಲಿ, ನಮಗೆ ಸಂತೋಷ. ನಮ್ಮ ಪ್ರಶ್ನೆ ಒಂದೇ: ಆ ಯಂತ್ರದಿಂದ ಉಳಿದ ದುಡ್ಡು ಯಾರ ಜೇಬಿಗೆ, ಆ ಯಂತ್ರ ನಡೆಸುವ ಹೊಸ ಕೆಲಸ ಯಾರ ಕೈಗೆ?

ಹೊಸ ಕೆಲಸ ಹುಟ್ಟುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. ರೋಬೋ ಗಾಡಿಗೆ ಬ್ಯಾಟರಿ ಬೇಕು, ಚಕ್ರ ಸವೆಯುತ್ತದೆ, ಸೆನ್ಸರಿಗೆ ಧೂಳು ಕೂರುತ್ತದೆ, ನಡುದಾರಿಯಲ್ಲಿ ನಿಂತುಬಿಡುತ್ತದೆ. ಎಬ್ಬಿಸಿ ಓಡಿಸಲು ಮೆಕ್ಯಾನಿಕ್ ಬೇಕು, ಎಲೆಕ್ಟ್ರಿಷಿಯನ್ ಬೇಕು, ಪರದೆಯ ಮುಂದೆ ಕೂತು ಇಡೀ ಗೋದಾಮನ್ನು ನೋಡಿಕೊಳ್ಳುವವರು ಬೇಕು. ಕೂಲಿಯಲ್ಲ, ಸಂಬಳದ ಕೆಲಸಗಳು. ಇವುಗಳ ಮೇಲೆ ಕನ್ನಡಿಗರ ಹೆಸರು ಬರೆದಿದೆಯೇ? ಇಲ್ಲ. ಬರೆಸಬೇಕಾದವರು ನಾವು.

ಇನ್ನೊಂದು ವಿಷಯ. ಬಟ್ಟೆ, ಬಾಟಲಿ, ಬಳೆ, ಬಲ್ಬು ಎಲ್ಲವನ್ನೂ ಒಂದೇ ಖಾನೆಯಿಂದ ಹುಷಾರಾಗಿ ತೆಗೆಯುವ ವಿದ್ಯೆ ಯಂತ್ರಕ್ಕೆ ಇನ್ನೂ ಕಷ್ಟ. ಮುಟ್ಟಿ ತಿಳಿಯುವ ವಲ್ಕನ್ ಎಂಬ ರೋಬೋವನ್ನು ಅಮೆಜಾನ್ ಜಗತ್ತಿಗೆ ತೋರಿಸಿದ್ದು 2025ರಲ್ಲಷ್ಟೆ. ಅದೂ ಅಲ್ಲದೆ ನಮ್ಮ ಹುಡುಗರ ಕೂಲಿ ಎಷ್ಟು ಕಡಿಮೆಯೆಂದರೆ ಎಷ್ಟೋ ಕಡೆ ಯಂತ್ರವೇ ದುಬಾರಿ. ನಾಚಿಕೆಯ ಮಾತು, ಆದರೆ ನಿಜ. ಇವೆರಡರಿಂದ ನಮಗೆ ಕೆಲವು ವರ್ಷಗಳ ಕಾಲಾವಕಾಶ ಸಿಕ್ಕಿದೆ. ಅದನ್ನು ಮಲಗಿ ಕಳೆದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಗಡಿಯಾರ ಕಲಿಸಿದ ಪಾಠ, ಬ್ಯಾಂಕು ಕಲಿಸಿದ ಪಾಠ

ಎರಡು ಪಾಠಗಳು ನಮ್ಮ ಮನೆಯೊಳಗೇ ಇವೆ.

ಮೊದಲನೆಯದು ಎಚ್‌ಎಂಟಿ. 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಕಾರ್ಖಾನೆ. ಯಂತ್ರ ಮಾಡುವ ಯಂತ್ರಗಳನ್ನು ಮಾಡಿದ ಊರು ನಮ್ಮದು! 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಕೈಗಡಿಯಾರ ಮಾಡಿತು. ದೇಶದ ಮದುಮಗನ ಕೈಗೆಲ್ಲ ಎಚ್‌ಎಂಟಿ. ಆಮೇಲೆ ಕ್ವಾರ್ಟ್ಜ್ ಗಡಿಯಾರದ ಕಾಲ ಬಂತು. ಎಚ್‌ಎಂಟಿ ಕೀಲಿ ತಿರುಗಿಸುವ ಗಡಿಯಾರವನ್ನೇ ಬಲವಾಗಿ ನೆಚ್ಚಿ ಕೂತಿತು, ಗಡಿಯಾಚೆಯ ಹೊಸೂರಿನಲ್ಲಿ ಟೈಟನ್ ಎದ್ದು ಓಡಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್‌ಗೆ ಬೀಗ ಹಾಕಲು ಒಪ್ಪಿಗೆ ಕೊಟ್ಟಿತು. ಅಲ್ಲಿ ದುಡಿದ ಕನ್ನಡಿಗರು ಎಷ್ಟಿದ್ದರು ಎಂಬ ಲೆಕ್ಕ ಬೀಗ ಬಿದ್ದ ಮೇಲೆ ಯಾರಿಗೆ ಬೇಕು? ಕಾರ್ಖಾನೆಯ ತಂತ್ರ ಹಳತಾದರೆ ಅದರೊಳಗಿನ ನಮ್ಮ ಪಾಲೂ ಹಳತಾಗುತ್ತದೆ.

ಎರಡನೆಯದು ಬ್ಯಾಂಕು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ, ಇವೆಲ್ಲ ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು. ಕಂಪ್ಯೂಟರ್ ಬರುತ್ತದೆ ಎಂದಾಗ ದೇಶದ ಬ್ಯಾಂಕ್ ನೌಕರರು ಯಂತ್ರ ಬಂದು ಕೂತ ಮೇಲೆ ಅಳಲಿಲ್ಲ. ಬರುವ ಮುಂಚೆಯೇ ಮಾತುಕತೆಗೆ ಕೂತರು. 1983ರಲ್ಲಿ ನೌಕರ ಸಂಘಗಳಿಗೂ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್‌ಗೂ ಒಪ್ಪಂದವಾಯಿತು. ಯಂತ್ರ ಎಲ್ಲಿ, ಎಷ್ಟು ಎಂಬುದು ಕಾಗದದ ಮೇಲೆ ಬಂತು. ಇದ್ದವರ ಕೆಲಸಕ್ಕೆ ರಕ್ಷಣೆ ಸಿಕ್ಕಿತು. ಲೆಡ್ಜರ್ ಬರೆಯುತ್ತಿದ್ದ ಗುಮಾಸ್ತರೇ ಕಂಪ್ಯೂಟರ್ ಮುಂದೆ ಕೂತರು. ನೋಡಿ, ಸಂಘವಿದ್ದರೆ ಯಂತ್ರವೂ ಮಾತು ಕೇಳುತ್ತದೆ. ಗೋದಾಮಿನ ಹುಡುಗನಿಗೆ ಸಂಘವೆಲ್ಲಿ? ಅವನು ಕಂಪನಿಯ ನೌಕರನೂ ಅಲ್ಲ, ಗುತ್ತಿಗೆದಾರನ ಆಳು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಮಾಡಿತು, ಅದನ್ನು ಮೆಚ್ಚಬೇಕು. ತಂದುಕೊಡುವ ಹುಡುಗನಿಗೆ ಅದರಲ್ಲಿ ಒಂದಿಷ್ಟು ರಕ್ಷಣೆ ಇದೆ. ತನ್ನ ದುಡಿಮೆಯನ್ನು ಅಳೆಯುವ ಗಣಕ ವ್ಯವಸ್ಥೆಯ ಬಗ್ಗೆ ತಿಳಿಯುವ ಹಕ್ಕೂ ಇದೆ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿರುವ ಗೋದಾಮಿನ ಹುಡುಗ ಮಾತ್ರ ಅದರ ಹೊರಗೇ ನಿಂತಿದ್ದಾನೆ.

ಯಂತ್ರಕ್ಕೆ ಕನ್ನಡ ಬರುತ್ತದೆಯೇ?

2020ರಲ್ಲಿ ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ ತಮ್ಮ ಆ್ಯಪ್‌ಗಳಿಗೆ ಕನ್ನಡ ತಂದವು. ಸ್ವಾಗತ. ಆದರೆ ಅದು ಕೊಳ್ಳುವವನಿಗೆ. ಕನ್ನಡಿಗನ ಜೇಬಿಗೆ ಕೈ ಹಾಕಲು ಕನ್ನಡ ಬೇಕು ಎಂದು ವ್ಯಾಪಾರಿಗೆ ತಿಳಿಯಿತು. ದುಡಿಯುವ ಕನ್ನಡಿಗನ ಕೈಯ ಸ್ಕ್ಯಾನರ್ ಯಾವ ಭಾಷೆಯಲ್ಲಿ ಮಾತಾಡುತ್ತದೆ? ಯಂತ್ರದ ಹತ್ತಿರ ಹೋಗಬೇಡ, ಕೈ ಹಾಕಬೇಡ ಎಂಬ ಎಚ್ಚರಿಕೆ ಯಾವ ಭಾಷೆಯಲ್ಲಿದೆ? ನಿಮ್ಮ ತಮ್ಮನೋ, ಪಕ್ಕದ ಮನೆಯ ಹುಡುಗಿಯೋ ಗೋದಾಮಿಗೆ ಹೋಗುತ್ತಿದ್ದರೆ ಇವತ್ತೇ ಕೇಳಿ ನೋಡಿ. ಅಂಗಡಿ ಫಲಕದ ಶೇಕಡಾ 60 ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾನೂನು ಮಾಡಿಸಿದೆವು. ಬೀದಿಯ ಕಡೆ ಮುಖ ಮಾಡಿದ ಫಲಕಕ್ಕೆ ಹೋರಾಡಿದ ನಾವು ಒಳಗಿನ ಪರದೆಯನ್ನು ಮರೆಯಬಾರದು. ಅನ್ನ ಹುಟ್ಟುವ ಜಾಗದಲ್ಲಿ ಕನ್ನಡವಿಲ್ಲದಿದ್ದರೆ ಫಲಕದ ಕನ್ನಡ ಬರೀ ತೋರಣ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು:

ಒಂದು: ಸರ್ಕಾರದಿಂದ ನೆಲ, ರಿಯಾಯಿತಿ ಪಡೆಯುವ ಪ್ರತಿ ಗೋದಾಮು ವರ್ಷಕ್ಕೊಮ್ಮೆ ಲೆಕ್ಕ ಕೊಡಲಿ. ಎಷ್ಟು ಜನ, ಅವರಲ್ಲಿ ಗುತ್ತಿಗೆಯವರೆಷ್ಟು, ಕನ್ನಡಿಗರೆಷ್ಟು, ಯಂತ್ರಗಳೆಷ್ಟು, ಹೋದ ವರ್ಷಕ್ಕಿಂತ ಕೆಲಸ ಹೆಚ್ಚಿತೋ ಇಳಿಯಿತೋ. ಕನ್ನಡದಲ್ಲಿ, ಎಲ್ಲರೂ ಓದುವಂತೆ.

ಎರಡು: ಯಂತ್ರ ತರುವ ಮೊದಲೇ ಕೆಲಸಗಾರರಿಗೂ ಕಾರ್ಮಿಕ ಇಲಾಖೆಗೂ ತಿಳಿಸಲಿ. 1983ರಲ್ಲಿ ಬ್ಯಾಂಕುಗಳಲ್ಲಿ ಆದದ್ದು ಗೋದಾಮಿನಲ್ಲಿ ಯಾಕಾಗಬಾರದು?

ಮೂರು: ಯಂತ್ರ ನೋಡಿಕೊಳ್ಳುವ ಹೊಸ ಹುದ್ದೆಗಳಿಗೆ ಅಲ್ಲೇ ದುಡಿಯುತ್ತಿರುವವರಿಗೆ ಮೊದಲ ಹಕ್ಕು. ತರಬೇತಿಯ ಖರ್ಚು ಕಂಪನಿಯದು.

ನಾಲ್ಕು: 2022ರಲ್ಲಿ ₹4,600 ಕೋಟಿಗೂ ಹೆಚ್ಚು ವೆಚ್ಚದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ, ರೋಬೋ ಮತ್ತು ಸ್ವಯಂಚಾಲಿತ ಯಂತ್ರಗಳ ತರಬೇತಿಗೆ ಸಜ್ಜುಗೊಳಿಸಲಾಯಿತು. ಆ ಪಾಠ, ಆ ಪುಸ್ತಕ, ಆ ಪರೀಕ್ಷೆ ಕನ್ನಡದಲ್ಲಿ ಸಿಗಲಿ. ಹೊಸಕೋಟೆ, ಮಾಲೂರಿನ ಹುಡುಗ ಹುಡುಗಿಯರು ಕಲಿತು ಅದೇ ತಾಲ್ಲೂಕಿನ ಗೋದಾಮಿಗೆ ತಂತ್ರಜ್ಞರಾಗಿ ಹೋಗಲಿ.

ಐದು: ಸ್ಕ್ಯಾನರ್, ಪರದೆ, ಎಚ್ಚರಿಕೆ ಫಲಕ, ಕರಾರು ಪತ್ರ, ಎಲ್ಲವೂ ಕನ್ನಡದಲ್ಲಿ.

ಆರು: ತಡೆಹಿಡಿದ ಉದ್ಯೋಗ ಮಸೂದೆಯನ್ನು ಹೊರಗೆ ತೆಗೆಯಲಿ. ಶೇಕಡಾವಾರಿನ ಜೊತೆಗೆ ತಾಂತ್ರಿಕ ಹುದ್ದೆಗಳನ್ನೂ ಗುತ್ತಿಗೆ ಕೆಲಸವನ್ನೂ ಅದರಲ್ಲಿ ಹೆಸರಿಸಿ ಸೇರಿಸಲಿ.

ಕೊನೆಗೆ ನಿಮಗೊಂದು ಮಾತು. ಒಡಿಶಾದಿಂದ, ಬಿಹಾರದಿಂದ ಬಂದು ಪಕ್ಕದ ಸಾಲಿನಲ್ಲಿ ಪೆಟ್ಟಿಗೆ ಎತ್ತುವವನು ನಿಮ್ಮ ಶತ್ರುವಲ್ಲ. ಯಂತ್ರ ಬಂದರೆ ಅವನೂ ನೀವೂ ಒಂದೇ ಗೇಟಿನಿಂದ ಹೊರಗೆ. ಅವನಿಗೆ ಕನ್ನಡ ಕಲಿಸಿ, ಸಂಘಕ್ಕೆ ಕರೆಯಿರಿ. ಇಬ್ಬರನ್ನೂ ಒಬ್ಬರ ಮೇಲೊಬ್ಬರನ್ನು ಛೂ ಬಿಟ್ಟು ಅಗ್ಗದ ಕೂಲಿ ಹಿಂಡುವವನ ಕಡೆಗೆ ಬೆರಳು ತೋರಿಸಿ.

ನಿಮ್ಮಲ್ಲಿ ಕೆಲವರು ಬೆಳ್ಳಂದೂರು, ವೈಟ್‌ಫೀಲ್ಡ್‌ಗಳ ಎಸಿ ಕೋಣೆಗಳಲ್ಲಿ ಕೂತು ಇದೇ ಯಂತ್ರಗಳಿಗೆ ತಂತ್ರಾಂಶ ಬರೆಯುತ್ತೀರಿ. ಅದಕ್ಕೆ ಕನ್ನಡ ಸೇರಿಸಲು ಎಷ್ಟು ಕೆಲಸವೆಂದು ನಿಮಗೇ ಗೊತ್ತು. ಸೇರಿಸಿ ಎಂದು ಮೀಟಿಂಗಿನಲ್ಲಿ ಬಾಯಿ ಬಿಟ್ಟು ಹೇಳಿ. ಐಟಿಐ ಓದುವವರು, ರೋಬೋ ಪಾಠ ಎಲ್ಲಿ, ಕನ್ನಡದಲ್ಲಿ ಯಾಕಿಲ್ಲ ಎಂದು ಪ್ರಾಂಶುಪಾಲರನ್ನು ಕೇಳಿ. ಗೋದಾಮಿನಲ್ಲಿ ದುಡಿಯುವವರು, ಹತ್ತು ಜನ ಸೇರಿ ಒಂದು ಮನವಿ ಪತ್ರ ಬರೆಯಿರಿ, ತಾಲ್ಲೂಕಿನ ಕಾರ್ಮಿಕ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಕಾಗದದ ಒಂದು ಪ್ರತಿ ನಮಗೂ ಕಳಿಸಿ. ಅಚ್ಚು ಹಾಕುವುದು ನಮ್ಮ ಜವಾಬ್ದಾರಿ.

ನವೆಂಬರ್ ಒಂದರಂದು ಬಾವುಟ ಹಾರಿಸುತ್ತೇವೆ, ಹಾರಿಸಬೇಕು. ಈ ಸಲ ಒಂದು ಬಾವುಟ ಗೋದಾಮಿನ ಗೇಟಿನ ಮುಂದೆಯೂ ಹಾರಲಿ. ಅದರ ಕೆಳಗೆ ನಿಂತು ಎಷ್ಟು ಪಾಲು ಎಂದು ಕೇಳುವ ಮೊದಲು ಒಟ್ಟು ಎಷ್ಟು ಎಂದು ಕೇಳಿ. ಯಂತ್ರ ಹೊತ್ತೊಯ್ಯುವ ಕೂಲಿಗಾಗಿ ಅಲ್ಲ, ಯಂತ್ರ ನಡೆಸುವ ಕೀಲಿಗಾಗಿ ಹೋರಾಡಿ. ಆ ಕೀಲಿ ಕನ್ನಡಿಗರ ಕೈಗೆ ಬರಬೇಕು.

ಜೈ ಕರ್ನಾಟಕ!